ಗೋಲು ಕಾಯುವುದು, ಸರದಿ ಕಾಯುವುದು

ಫುಟ್‌ಬಾಲ್ ಬಗ್ಗೆ ಏನು ಬೇಕಾದರೂ ಕೇಳಿ ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಗೋಲ್‌ಕೀಪರ್‌ಗಳದ್ದು, ಇಲ್ಲವೇ ಅವರ ಅಪ್ಪ ಅಮ್ಮಂದಿರದ್ದು. ನನಗೆ ತುಂಬಾ ಖುಷಿಯಾಯಿತು. 16 ವರ್ಷ ಗೋಲಿನಲ್ಲಿ ನಿಂತವನು ನಾನು, ಈಗ ಮಕ್ಕಳಿಗೆ ಅದನ್ನೇ ಹೇಳಿಕೊಡುತ್ತಿದ್ದೇನೆ. ಈ ಸಲ ಪೂರ್ತಿ ಜಾಗ ಅವರಿಗೇ.

ಪ್ರಶ್ನೆ: ಮಗನಿಗೆ 12 ವರ್ಷ. ತಂಡದಲ್ಲಿ ಎಲ್ಲರಿಗಿಂತ ಎತ್ತರ ಅಂತ ಕೋಚ್ ಅವನನ್ನು ಗೋಲಿಗೆ ನಿಲ್ಲಿಸಿದ್ದಾರೆ. ‘ಓಡೋಕೆ ಬರದವರನ್ನು ಅಲ್ಲಿ ನಿಲ್ಲಿಸ್ತಾರೆ’ ಅಂತ ಗೆಳೆಯರು ರೇಗಿಸುತ್ತಾರಂತೆ. ಮನೆಗೆ ಬಂದು ಅಳುತ್ತಾನೆ. ಬಿಡಿಸಿಬಿಡಲೇ?
– ಒಬ್ಬ ತಾಯಿ

ಉತ್ತರ: ಈಗಲೇ ಬಿಡಿಸಬೇಡಿ ಅಮ್ಮ. ಹಾಗಂತ ಬಲವಂತವಾಗಿ ನಿಲ್ಲಿಸಲೂ ಬೇಡಿ. ಕೋಚ್ ಹತ್ತಿರ ಹೋಗಿ, ಒಂದು ಪಂದ್ಯ ಗೋಲಿನಲ್ಲಿ, ಇನ್ನೊಂದು ಪಂದ್ಯ ಹೊರಗೆ ಆಡಿಸಿ ಅಂತ ಕೇಳಿ. ಈ ವಯಸ್ಸಿಗೆ ಅದೇ ಸರಿ.

ಇಟಲಿಯ ಜಾನ್‌ಲೂಯಿಜಿ ಬುಫೋನ್ ಹೆಸರು ಮಗನಿಗೆ ಗೊತ್ತಿರುತ್ತೆ. ಅವರು ಚಿಕ್ಕವರಿದ್ದಾಗ ಮಿಡ್‌ಫೀಲ್ಡರ್. 1990ರ ವಿಶ್ವಕಪ್‌ನಲ್ಲಿ ಕ್ಯಾಮರೂನ್‌ನ ಗೋಲ್‌ಕೀಪರ್ ತೋಮಾಸ್ ಎನ್‌ಕೊನೊ ಆಡುವುದನ್ನು ನೋಡಿ ಮನಸೋತು ಗೋಲಿಗೆ ಬಂದರು. ಆಗ ಅವರಿಗೂ 12 ವರ್ಷವೇ! 17ಕ್ಕೆ ಪಾರ್ಮಾ ತಂಡದ ಪರ ಬಲಾಢ್ಯ ಮಿಲಾನ್ ಎದುರು ಮೊದಲ ಪಂದ್ಯ ಆಡಿ ಒಂದೂ ಗೋಲ್ ಬಿಡಲಿಲ್ಲ. ಮುಂದೆ ಮಗ ಹುಟ್ಟಿದಾಗ ಅವನ ಹೆಸರಿಗೆ ತೋಮಾಸ್ ಅಂತ ಸೇರಿಸಿದರು. ಅವರು ತಾವಾಗಿಯೇ ಬಂದವರು, ಯಾರೂ ತಳ್ಳಿ ನಿಲ್ಲಿಸಿದ್ದಲ್ಲ. ಮಗನಿಗೂ ಒಂದಿಷ್ಟು ಒಳ್ಳೆಯ ಕೀಪರ್‌ಗಳ ಆಟ ತೋರಿಸಿ, ಆಮೇಲೆ ಅವನನ್ನೇ ಕೇಳಿ.

ಓಡೋಕೆ ಬರದವರ ಜಾಗ ಅನ್ನುವ ಮಾತು ತುಂಬಾ ಹಳೆಯದು, ಈಗಂತೂ ಅದು ಸುಳ್ಳು. 1992ರಲ್ಲಿ ನಿಯಮ ಬದಲಾಯಿತು. ಸ್ವಂತ ತಂಡದವರು ಬೇಕೆಂದೇ ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನು ಕೀಪರ್ ಕೈಯಲ್ಲಿ ಮುಟ್ಟುವಂತಿಲ್ಲ. ಅವತ್ತಿನಿಂದ ಕೀಪರ್‌ಗೂ ಕಾಲು ಬರಲೇಬೇಕು. 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ಎದುರು ಜರ್ಮನಿಯ ಮಾನುಯೆಲ್ ನೊಯರ್ ಪೆನಾಲ್ಟಿ ಬಾಕ್ಸ್ ಬಿಟ್ಟು ಎಷ್ಟು ಸಲ ಮುಂದೆ ಓಡಿ ಬಂದು ಚೆಂಡು ಹೊಡೆದು ಕಳಿಸಿದರು ಅಂತ ನೋಡಿದರೆ, ಅವರು ಕೀಪರೋ ಡಿಫೆಂಡರೋ ಅಂತ ಅನುಮಾನ ಬರುತ್ತೆ. ಆ ಪಂದ್ಯವನ್ನು ಮಗನ ಜೊತೆ ಕೂತು ನೋಡಿ.

ಪ್ರಶ್ನೆ: ನನಗೆ 17. ಎತ್ತರ 5 ಅಡಿ 9 ಇಂಚು. ಪ್ರೊಫೆಷನಲ್ ಗೋಲ್‌ಕೀಪರ್ ಆಗುವ ಆಸೆ ಬಿಟ್ಟುಬಿಡಬೇಕಾ? ನಿಜ ಹೇಳಿ.
– ಪಿಯುಸಿ ವಿದ್ಯಾರ್ಥಿ

ಉತ್ತರ: ನಿಜವನ್ನೇ ಹೇಳ್ತೀನಿ. ಕಷ್ಟ ಇದೆ. ಗೋಲಿನ ಅಗಲ 7.32 ಮೀಟರ್, ಎತ್ತರ 2.44 ಮೀಟರ್. ಎಲ್ಲ ಕಡೆಯೂ ಅಷ್ಟೇ, ನಿನಗೆ ಅಂತ ಯಾರೂ ಚಿಕ್ಕದು ಮಾಡಿಕೊಡುವುದಿಲ್ಲ. ಬೆಲ್ಜಿಯಂನ ತಿಬೋ ಕುರ್ತ್ವಾ ಹೆಚ್ಚು ಕಡಿಮೆ 2 ಮೀಟರ್ ಇದ್ದಾರೆ. ದೊಡ್ಡ ಕ್ಲಬ್‌ನವರು ಮೊದಲು ಎತ್ತರ ನೋಡಿ ಆಮೇಲೆ ಆಟ ನೋಡುತ್ತಾರೆ. ಇದು ನನಗೆ ಇಷ್ಟವಿಲ್ಲ, ಆದರೆ ಇರುವುದು ಹಾಗೆ.

ಆದರೆ ಮೆಕ್ಸಿಕೋದ ಹೋರ್ಹೆ ಕಾಂಪೋಸ್ ನಿನಗಿಂತ ಗಿಡ್ಡ, ಎರಡು ವಿಶ್ವಕಪ್ ಆಡಿದರು. ಎತ್ತರ ಕಡಿಮೆ ಇರುವವರು ಬದುಕುವುದು ಕಾಲಿನ ಚುರುಕಿನಿಂದ, ನಿಲ್ಲುವ ಜಾಗದಿಂದ. ಇದನ್ನು ನಾನು ಮಕ್ಕಳಿಗೆ ಹಗ್ಗದಲ್ಲಿ ತೋರಿಸುತ್ತೇನೆ, ನೀನೂ ಮಾಡಿ ನೋಡು. ಎರಡು ಕಂಬಕ್ಕೂ ಒಂದೊಂದು ಹಗ್ಗ ಕಟ್ಟು, ಇನ್ನೊಂದು ತುದಿಗಳನ್ನು ಮುಂದೆ ಚೆಂಡು ಇಟ್ಟ ಜಾಗದಲ್ಲಿ ಒಂದು ಗೂಟಕ್ಕೆ ಸೇರಿಸು. ತ್ರಿಕೋನ ಆಯಿತಲ್ವಾ? ಗೆರೆಯ ಮೇಲೆ ನಿಂತು ಕೈ ಚಾಚಿದರೆ ಎರಡೂ ಹಗ್ಗ ಎಲ್ಲೋ ದೂರ. ಎರಡು ಹೆಜ್ಜೆ ಮುಂದೆ ಬಾ, ಇನ್ನೆರಡು ಹೆಜ್ಜೆ ಬಾ. ಹಗ್ಗಗಳು ತಾವಾಗಿಯೇ ನಿನ್ನ ಕೈ ಹತ್ತಿರ ಬರುತ್ತವೆ. ತೀರಾ ಮುಂದೆ ಬಂದರೆ ತಲೆ ಮೇಲಿಂದ ಚಿಪ್ ಮಾಡುತ್ತಾರೆ, ಅಂದರೆ ಚೆಂಡನ್ನು ಮೆಲ್ಲಗೆ ಎತ್ತಿ ಗೋಲಿಗೆ ಹಾಕುತ್ತಾರೆ, ಅದೂ ನೆನಪಿರಲಿ. ಚೆಂಡು ಜಾಗ ಬದಲಿಸಿದ ಹಾಗೆಲ್ಲ ಗೂಟ ಬದಲಿಸು, ನೀನೂ ಹೆಜ್ಜೆ ಬದಲಿಸು. ಆರು ತಿಂಗಳು ಹೀಗೆ ಮಾಡಿದರೆ ಹಗ್ಗ ಬಿಚ್ಚಿದ ಮೇಲೂ ಅದು ಕಣ್ಣಿಗೆ ಕಾಣುತ್ತಲೇ ಇರುತ್ತೆ.

ಪ್ರಶ್ನೆ: ಕ್ಲಬ್ ಒಂದರಲ್ಲಿ ಎರಡನೇ ಗೋಲ್‌ಕೀಪರ್ ಆಗಿದ್ದೇನೆ. ವಯಸ್ಸು 23. ಮೂರು ವರ್ಷದಲ್ಲಿ ಆಡಿದ್ದು ನಾಲ್ಕೇ ಪಂದ್ಯ. ಮೊದಲನೇ ಕೀಪರ್ ನನಗೆ ಅಣ್ಣನ ಹಾಗೆ. ಆದರೂ ಅವರಿಗೆ ಒಂದು ಪೆಟ್ಟಾದರೆ ಸಾಕು ಅಂತ ಒಮ್ಮೊಮ್ಮೆ ಅನ್ನಿಸುತ್ತೆ, ಆಮೇಲೆ ನನ್ನ ಮೇಲೆ ನನಗೇ ಬೇಜಾರಾಗುತ್ತೆ. ಏನು ಮಾಡಲಿ ಸರ್?
– ಹೆಸರು ಬೇಡ

ಉತ್ತರ: ತಮ್ಮಾ, ಆ ಯೋಚನೆ ಬಂತು ಅಂತ ನಿನ್ನನ್ನು ನೀನು ಬೈದುಕೊಳ್ಳಬೇಡ. ನನಗೂ ಬಂದಿತ್ತು. ನನ್ನ 16 ವರ್ಷದಲ್ಲಿ 7 ವರ್ಷ ಕಳೆದಿದ್ದು ಬೆಂಚಿನ ಮೇಲೆ. ಸ್ಟ್ರೈಕರ್‌ನನ್ನು ಕೊನೆಯ 20 ನಿಮಿಷಕ್ಕಾದರೂ ಇಳಿಸುತ್ತಾರೆ, ಮಿಡ್‌ಫೀಲ್ಡರ್‌ನನ್ನು ಈ ಕಡೆ ಆ ಕಡೆ ಆಡಿಸುತ್ತಾರೆ. ಕೀಪರ್‌ಗೆ ಇರುವುದು ಒಂದೇ ಜಾಗ. ಅಲ್ಲಿ ಒಬ್ಬರು ಚೆನ್ನಾಗಿ ನಿಂತಿದ್ದರೆ ನಿನ್ನ ತಪ್ಪಿಲ್ಲದೆಯೇ ನಿನ್ನ ವರ್ಷಗಳು ಹೋಗುತ್ತವೆ. ಇದು ಅನ್ಯಾಯ ಅಂತ ಅನ್ನಿಸುವುದು ಸಹಜ.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದೇ ಪದ ಇದೆ ನೋಡು. ಗೋಲು ಕಾಯುವುದೂ ಕಾಯುವುದೇ, ಸರದಿಗೆ ಕಾಯುವುದೂ ಕಾಯುವುದೇ. ಬೆಂಚಿನ ಮೇಲೆ ಕೂತಾಗಲೂ ನಾನು ಮಾಡುತ್ತಿದ್ದುದು ಗೋಲ್‌ಕೀಪರ್ ಕೆಲಸವನ್ನೇ ಅಂತ ಅರ್ಥ ಆಗಲು ನನಗೆ ಬಹಳ ಕಾಲ ಹಿಡಿಯಿತು. 90 ನಿಮಿಷದಲ್ಲಿ ಕೀಪರ್ ಚೆಂಡು ಮುಟ್ಟುವ ಹೊತ್ತು ಎಷ್ಟು? ತುಂಬಾ ಕಡಿಮೆ. ಉಳಿದಿದ್ದೆಲ್ಲ ಮೈಯೆಲ್ಲ ಕಣ್ಣಾಗಿ ಕಾಯುವುದು. ಅದು ಬರದವರು 88ನೇ ನಿಮಿಷದಲ್ಲಿ ಬರುವ ಒಂದೇ ಒಂದು ಶಾಟ್‌ಗೆ ತಯಾರಿರುವುದಿಲ್ಲ.

ಅರ್ಜೆಂಟೀನಾದ ಎಮಿಲಿಯಾನೊ ಮಾರ್ಟಿನೆಸ್ ಕಥೆ ನಿನಗೆ ಪೂರ್ತಿ ಹೇಳಬೇಕು. 2010ರಲ್ಲಿ ಹದಿನೇಳರ ಹುಡುಗ ಮನೆ ಬಿಟ್ಟು ಇಂಗ್ಲೆಂಡಿನ ಆರ್ಸೆನಲ್ ಸೇರಿದ. ಅಲ್ಲಿಂದ 10 ವರ್ಷ ಒಂದಾದ ಮೇಲೆ ಒಂದು ಕ್ಲಬ್‌ಗೆ ಸಾಲಕ್ಕೆ, ಅಂದರೆ ಸ್ವಲ್ಪ ಕಾಲ ಆಡಿ ಬರಲು, ಕೊಡುತ್ತಾ ಹೋದರು. ಆಕ್ಸ್‌ಫರ್ಡ್, ಶೆಫೀಲ್ಡ್ ವೆನ್ಸ್‌ಡೇ, ರಾದರಂ, ವುಲ್ವ್ಸ್, ಸ್ಪೇನ್‌ನ ಹೆಟಾಫೆ, ರೆಡಿಂಗ್. 2020ರ ಜೂನ್‌ನಲ್ಲಿ ಮೊದಲನೇ ಕೀಪರ್ ಬೆರ್ನ್ಡ್ ಲೆನೊ ಮಂಡಿಗೆ ಪೆಟ್ಟಾಯಿತು, ಇವನು ಇಳಿದ. ಎರಡು ತಿಂಗಳೊಳಗೆ ಎಫ್‌ಎ ಕಪ್ ಗೆದ್ದ. ಆಸ್ಟನ್ ವಿಲ್ಲಾಗೆ ಹೋದ. ದೇಶದ ಪರ ಮೊದಲ ಪಂದ್ಯ ಆಡಿದ್ದು 2021ರಲ್ಲಿ, 28 ವರ್ಷಕ್ಕೆ! ಅದೇ ವರ್ಷ ದಕ್ಷಿಣ ಅಮೆರಿಕದ ದೇಶಗಳ ಟೂರ್ನಿ ಕೋಪಾ ಅಮೆರಿಕಾ, ಮರುವರ್ಷ ವಿಶ್ವಕಪ್. ಆ ಫೈನಲ್‌ನ ಎಕ್ಸ್‌ಟ್ರಾ ಟೈಮ್ ಮುಗಿಯುವ ಗಳಿಗೆಯಲ್ಲಿ ಫ್ರಾನ್ಸ್‌ನ ಕೋಲೊ ಮುವಾನಿ ಒಬ್ಬನೇ ಎದುರು ಬಂದು ಹೊಡೆದ, ಇವನು ಮೈ ಅಗಲಿಸಿ ಎಡಗಾಲು ಚಾಚಿ ತಡೆದ. ಆ ಕಾಲು ಅಲ್ಲಿ ಇರದಿದ್ದರೆ ಕಪ್ ಫ್ರಾನ್ಸ್‌ಗೆ ಹೋಗುತ್ತಿತ್ತು.

ಹಾಗಂತ 10 ವರ್ಷ ಸುಮ್ನೆ ಕೂತಿರು ಅಂತ ಹೇಳ್ತಿಲ್ಲ. ಅವನು ಕೂತಿರಲಿಲ್ಲ, ಸಾಲಕ್ಕೆ ಕೊಟ್ಟ ಕಡೆಯಲ್ಲೆಲ್ಲ ಹೋಗಿ ಆಡಿದ. ನೀನೂ ಕೇಳು. ಕೆಳಗಿನ ಡಿವಿಷನ್ ಆದರೂ ಪರವಾಗಿಲ್ಲ, ಒಂದು ಸೀಸನ್ ಪೂರ್ತಿ ಆಡುವ ಕಡೆ ಕಳಿಸಿ ಅಂತ ಮ್ಯಾನೇಜರ್ ಮುಂದೆ ಕೂತು ಕೇಳು. ಪಂದ್ಯದ ಒತ್ತಡವನ್ನು ಪ್ರಾಕ್ಟೀಸ್‌ನಲ್ಲಿ ಕಲಿಯಲು ಆಗುವುದಿಲ್ಲ. 23 ಅನ್ನುವುದು ಕೀಪರ್‌ಗೆ ಚಿಕ್ಕ ವಯಸ್ಸು, ಆದರೆ 26ರವರೆಗೂ ನಾಲ್ಕೇ ಪಂದ್ಯ ಅಂದರೆ ಆಮೇಲೆ ಯಾವ ಕ್ಲಬ್‌ನವರೂ ನಂಬುವುದಿಲ್ಲ.

ಅಲ್ಲಿಯವರೆಗೆ ಪಂದ್ಯಕ್ಕೆ ಮುಂಚೆ ಅಣ್ಣನಿಗೆ ವಾರ್ಮ್‌ಅಪ್ ಮಾಡಿಸುವುದು ನೀನೇ ತಾನೇ? ಅದನ್ನು ಮನಸ್ಸಿಟ್ಟು ಮಾಡು. ನಾನು ಎರಡನೇ ಕೀಪರ್ ಆಗಿದ್ದಾಗ ಮೊದಲ ಹತ್ತು ಚೆಂಡುಗಳನ್ನು ನೇರ ಅವರ ಎದೆಗೇ ಹೊಡೆಯುತ್ತಿದ್ದೆ, ಕೈಗೆ ಚೆಂಡು ‘ಧಪ್’ ಅಂತ ಕೂತ ಸದ್ದು ಕೇಳಿದರೆ ಅವರ ಭುಜ ಇಳಿಯುವುದು ನನಗೆ ಕಾಣುತ್ತಿತ್ತು. ಅವರು ರಿಟೈರ್ ಆದ ದಿನ ತಮ್ಮ ಗ್ಲೌಸ್ ತಂದು ನನ್ನ ಕೈಗೆ ಕೊಟ್ಟರು. ಇವತ್ತಿಗೂ ನನ್ನ ಹತ್ತಿರ ಇದೆ.

ಪ್ರಶ್ನೆ: ಪೆನಾಲ್ಟಿಯಲ್ಲಿ ಕೀಪರ್ ಸುಮ್ನೆ ಒಂದು ಕಡೆ ಹಾರುತ್ತಾರಾ, ಅಥವಾ ಏನಾದರೂ ಲೆಕ್ಕ ಇರುತ್ತಾ?
– ಟಿವಿಯಲ್ಲಿ ಮಾತ್ರ ಫುಟ್‌ಬಾಲ್ ನೋಡುವವಳು

ಉತ್ತರ: ಲೆಕ್ಕ ಇರುತ್ತೆ ಮೇಡಂ. ಚೆಂಡು ಇಡುವುದು 11 ಮೀಟರ್ ದೂರದಲ್ಲಿ. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೊಡೆದರೆ ಗೋಲಿಗೆ ಬರಲು 0.4 ಸೆಕೆಂಡ್ ಸಾಕು. ನೋಡಿ, ಯೋಚಿಸಿ, ಆಮೇಲೆ ಹಾರುತ್ತೇನೆ ಅಂದರೆ ಚೆಂಡು ಆಗಲೇ ನೆಟ್‌ನಲ್ಲಿರುತ್ತೆ. ಅದಕ್ಕೇ ಹೊಡೆಯುವವನ ಓಟ, ಸೊಂಟ ತಿರುಗಿದ ರೀತಿ, ಚೆಂಡಿನ ಪಕ್ಕ ಊರಿದ ಕಾಲಿನ ಪಾದ ಎತ್ತ ಮುಖ ಮಾಡಿದೆ, ಇವೆಲ್ಲ ನೋಡುತ್ತೇವೆ. ನಾನು ಪಾದವನ್ನೇ ಜಾಸ್ತಿ ನಂಬುತ್ತಿದ್ದೆ. ಹೊಡೆಯುವ ಗಳಿಗೆಯಲ್ಲಿ ಕೀಪರ್‌ನ ಒಂದು ಪಾದವಾದರೂ ಗೋಲ್ ಗೆರೆಯ ಮೇಲೆ ಅಥವಾ ಅದರ ನೇರಕ್ಕೆ, ಇಲ್ಲವೇ ಅದರ ಹಿಂದೆ ಇರಬೇಕು, ಮುಂದೆ ನುಗ್ಗುವಂತಿಲ್ಲ.

ಇಸ್ರೇಲ್‌ನ ಸಂಶೋಧಕರು 2007ರಲ್ಲಿ 286 ಪೆನಾಲ್ಟಿಗಳ ಲೆಕ್ಕ ಪ್ರಕಟಿಸಿದರು. ಶೇ 29ರಷ್ಟು ಚೆಂಡು ಮಧ್ಯಕ್ಕೇ ಬಂದಿತ್ತು, ಆದರೆ ಕೀಪರ್‌ಗಳು ಮಧ್ಯದಲ್ಲೇ ನಿಂತಿದ್ದು ಶೇ 6ರಷ್ಟು ಸಲ ಮಾತ್ರ. ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತು. ಹಾರಿ ಗೋಲ್ ಆದರೆ ‘ಪಾಪ, ಪ್ರಯತ್ನ ಪಟ್ಟ’ ಅಂತಾರೆ. ನಿಂತಲ್ಲೇ ನಿಂತು ಪಕ್ಕದಲ್ಲಿ ಗೋಲ್ ಆದರೆ ಇಡೀ ಸ್ಟೇಡಿಯಂ ಬೈಯುತ್ತೆ. ಕದಲದೆ ನಿಲ್ಲುವುದಕ್ಕೆ ನಿಜವಾಗಿ ಜಾಸ್ತಿ ಧೈರ್ಯ ಬೇಕು.

ಇನ್ನು ಚೀಟಿ ನೋಡಿಕೊಂಡು ಹಾರುವವರೂ ಇದ್ದಾರೆ. 2006ರ ವಿಶ್ವಕಪ್ ಕ್ವಾರ್ಟರ್ ಫೈನಲ್, ಜರ್ಮನಿಗೂ ಅರ್ಜೆಂಟೀನಾಗೂ ಶೂಟೌಟ್. ಜರ್ಮನಿಯ ಯೆನ್ಸ್ ಲೇಮನ್ ಪ್ರತಿ ಸಲ ಕಾಲುಚೀಲದಿಂದ ಒಂದು ಚೀಟಿ ತೆಗೆದು ಓದಿ, ಮತ್ತೆ ಅಲ್ಲೇ ಇಟ್ಟುಕೊಳ್ಳುತ್ತಿದ್ದರು. ಎದುರಾಳಿಗಳಲ್ಲಿ ಯಾರು ಎಲ್ಲಿಗೆ ಹೊಡೆಯುತ್ತಾರೆ ಅಂತ ಹೋಟೆಲ್ ಕಾಗದದ ಮೇಲೆ ಪೆನ್ಸಿಲ್‌ನಲ್ಲಿ ಬರೆದಿತ್ತು. ಕೊನೆಗೆ ಬಂದವರು ಕಾಂಬಿಯಾಸೊ. ಅವರ ಹೆಸರು ಚೀಟಿಯಲ್ಲಿ ಇರಲೇ ಇಲ್ಲ! ಆದರೂ ಲೇಮನ್ ಚೀಟಿ ತೆಗೆದು ನಿಧಾನವಾಗಿ ಓದಿದರು, ತಲೆ ಎತ್ತಿ ಕಾಂಬಿಯಾಸೊ ಮುಖ ನೋಡಿದರು. ಆ ಪೆನಾಲ್ಟಿಯನ್ನು ತಡೆದು ಜರ್ಮನಿ ಗೆದ್ದಿತು. ಈಗ ಕೀಪರ್‌ಗಳು ಅದನ್ನೇ ನೀರಿನ ಬಾಟಲಿ ಮೇಲೆ ಅಂಟಿಸಿಕೊಂಡು ಹೋಗುತ್ತಾರೆ.

ಪ್ರಶ್ನೆ: ಕೀಪರ್ ಚೆಂಡನ್ನು ಎಷ್ಟು ಹೊತ್ತು ಕೈಯಲ್ಲಿ ಇಟ್ಟುಕೊಳ್ಳಬಹುದು?

ಉತ್ತರ: 8 ಸೆಕೆಂಡ್. ಮೀರಿದರೆ ಎದುರಾಳಿಗೆ ಕಾರ್ನರ್. ಮುಂಚೆ 6 ಸೆಕೆಂಡ್ ಇತ್ತು, ಮೀರಿದರೆ ಇಂಡೈರೆಕ್ಟ್ ಫ್ರೀಕಿಕ್, ಅಂದರೆ ನೇರವಾಗಿ ಹೊಡೆದು ಗೋಲ್ ಮಾಡಲಾಗದ ಫ್ರೀಕಿಕ್. ಆದರೆ ರೆಫರಿಗಳು ಅದನ್ನು ಲೆಕ್ಕಕ್ಕೆ ಇಡುತ್ತಿದ್ದುದೇ ಅಪರೂಪ. 2025ರಲ್ಲಿ ಬಂದ ಹೊಸ ನಿಯಮದಲ್ಲಿ ರೆಫರಿ ಕೈ ಎತ್ತಿ ಬೆರಳು ಮಡಿಸುತ್ತಾ ಕೊನೆಯ 5 ಸೆಕೆಂಡ್ ಎಣಿಸುತ್ತಾರೆ. ನನ್ನ ಪ್ರಕಾರ ಒಳ್ಳೆಯ ಬದಲಾವಣೆ.

ಪ್ರಶ್ನೆ: ಟೂರ್ನಮೆಂಟ್ ಫೈನಲ್‌ನಲ್ಲಿ ಸುಲಭದ ಚೆಂಡು ಕೈಯಿಂದ ಜಾರಿ ಗೋಲ್ ಆಯಿತು, 1–0 ಸೋತೆವು. ಎರಡು ತಿಂಗಳಾಯಿತು. ರಾತ್ರಿ ಕಣ್ಣು ಮುಚ್ಚಿದರೆ ಅದೇ ಕಾಣುತ್ತೆ. ಗ್ಲೌಸ್ ಮುಟ್ಟೋಕೂ ಮನಸ್ಸಿಲ್ಲ.
– 19 ವರ್ಷದ ಗೋಲ್‌ಕೀಪರ್

ಉತ್ತರ: ನಿನ್ನ ಪತ್ರ ಓದಿ ಹೊಟ್ಟೆಯೊಳಗೆ ಸಂಕಟ ಆಯಿತು, ಯಾಕೆಂದರೆ ನನ್ನದೂ ಅದೇ ಕಥೆ. ಲೀಗ್‌ನ ಕೊನೇ ಪಂದ್ಯ, ಮಳೆ. ಎಡಗಡೆಯಿಂದ ಒಂದು ಕ್ರಾಸ್ (ಮೈದಾನದ ಅಂಚಿನಿಂದ ಗೋಲಿನ ಮುಂದಕ್ಕೆ ಹೊಡೆದ ಚೆಂಡು) ಬಂತು, ಸುತ್ತ ಯಾರೂ ಇರಲಿಲ್ಲ, ನನ್ನದೇ ಚೆಂಡು ಅಂತ ಕೂಗಿ ಮೇಲೆ ಹಾರಿದೆ. ಎರಡೂ ಅಂಗೈ ನಡುವೆ ಚೆಂಡು ಸೋಪಿನ ಹಾಗೆ ಜಾರಿತು. ಹಿಂದೆ ತಿರುಗಿ ನೋಡುವಷ್ಟರಲ್ಲಿ ಗೆರೆ ದಾಟಿತ್ತು. ಆ ಗೋಲಿನಿಂದ ನಮ್ಮ ತಂಡ ಕೆಳಗಿನ ಡಿವಿಷನ್‌ಗೆ ಇಳಿಯಿತು. ಬಸ್ಸಿನಲ್ಲಿ ಯಾರೂ ನನ್ನ ಪಕ್ಕ ಕೂರಲಿಲ್ಲ. ಮರುದಿನ ಬೆಳಿಗ್ಗೆ ಕೋಚ್ ನನ್ನೊಬ್ಬನನ್ನೇ ಮೈದಾನಕ್ಕೆ ಕರೆದರು. ಪಂದ್ಯದ ಬಗ್ಗೆ ಒಂದು ಮಾತೂ ಆಡಲಿಲ್ಲ. ಗ್ಲೌಸ್ ಮೇಲೆ ಒಂದು ಬಕೆಟ್ ನೀರು ಸುರಿದು ಅದೇ ಎಡಗಡೆಯಿಂದ ಅದೇ ಕ್ರಾಸ್ ಹಾಕಿದರು, 40 ಸಲ. ಮೊದಲ ಐದಾರು ಬಿಟ್ಟೆ. ಆಮೇಲೆ ಹಿಡಿದೆ. ಅವತ್ತು ರಾತ್ರಿ ನಿದ್ದೆ ಬಂತು.

2002ರ ವಿಶ್ವಕಪ್‌ನಲ್ಲಿ ಜರ್ಮನಿಯ ಆಲಿವರ್ ಕಾನ್ ಫೈನಲ್‌ವರೆಗೆ ಬಿಟ್ಟಿದ್ದು ಒಂದೇ ಗೋಲ್. ಫೈನಲ್‌ನಲ್ಲಿ ರಿವಾಲ್ಡೊ ಹೊಡೆದ ಚೆಂಡು ಅವರ ಎದೆಯಿಂದ ಚಿಮ್ಮಿತು, ರೊನಾಲ್ಡೊ ಓಡಿ ಬಂದು ಒಳಗೆ ಹಾಕಿದರು. ಬ್ರೆಜಿಲ್ ಗೆದ್ದಿತು. ಪಂದ್ಯ ಮುಗಿದ ಮೇಲೆ ಕಾನ್ ಗೋಲಿನ ಕಂಬಕ್ಕೆ ಒರಗಿ ಒಬ್ಬರೇ ಕೂತಿದ್ದ ಚಿತ್ರ ನೀನು ನೋಡಿರಬಹುದು. ಆ ದಿನ ಅವರ ಬೆರಳಿಗೆ ಪೆಟ್ಟಾಗಿತ್ತು, ಅದನ್ನು ನೆಪ ಮಾಡಲಿಲ್ಲ. ಟೂರ್ನಿಯ ಅತ್ಯುತ್ತಮ ಆಟಗಾರ ಪ್ರಶಸ್ತಿ ಅವರಿಗೇ ಬಂತು. ವಿಶ್ವಕಪ್‌ನಲ್ಲಿ ಅದನ್ನು ಪಡೆದ ಒಬ್ಬರೇ ಗೋಲ್‌ಕೀಪರ್ ಅವರು.

ಇನ್ನೊಂದು ಹೆಸರು ಹೇಳುವಾಗ ನನಗೆ ಸಿಟ್ಟು ಬರುತ್ತೆ. ಬ್ರೆಜಿಲ್‌ನ ಮೊವಾಸಿರ್ ಬಾರ್ಬೋಸಾ. 1950ರ ವಿಶ್ವಕಪ್‌ನ ಕೊನೇ ಪಂದ್ಯದಲ್ಲಿ ಉರುಗ್ವೆ ಎದುರು ಸೋತಾಗ, ಗಿಗ್ಗಿಯಾ ಕ್ರಾಸ್ ಮಾಡುತ್ತಾನೆ ಅಂತ ಅಂದಾಜಿಸಿ ಒಂದು ಹೆಜ್ಜೆ ಆಚೆ ಇಟ್ಟರು, ಅವನು ಹತ್ತಿರದ ಕಂಬದ ಪಕ್ಕಕ್ಕೇ ಹೊಡೆದ. 2000ದಲ್ಲಿ ತೀರಿಕೊಳ್ಳುವವರೆಗೂ ಜನ ಆ ಒಂದು ಗೋಲಿಗೆ ಅವರನ್ನು ಬೈಯುತ್ತಲೇ ಇದ್ದರು. ಒಂದು ಹೆಜ್ಜೆಗೆ 50 ವರ್ಷ! ತಪ್ಪು ಬಾರ್ಬೋಸಾದ್ದಲ್ಲ, ಬೈದವರದ್ದು.

ನೀನು ನಂಬುವ ಒಬ್ಬರನ್ನು ಕರೆದುಕೊಂಡು ಮೈದಾನಕ್ಕೆ ಹೋಗು. ಅದೇ ಚೆಂಡು, ಅದೇ ಕಡೆಯಿಂದ, 40 ಸಲ. ಅದಾದ ಮೇಲೂ ನಿದ್ದೆ ಬರದಿದ್ದರೆ ಡಾಕ್ಟರ್ ಅಥವಾ ಮನಶ್ಶಾಸ್ತ್ರ ಓದಿದ ಕೌನ್ಸೆಲರ್ ಹತ್ತಿರ ಮಾತಾಡು, ನಾಚಿಕೆ ಪಡಬೇಡ. ಮಂಡಿ ನೋವಿಗೆ ಫಿಸಿಯೋ ಹತ್ತಿರ ಹೋಗುವುದಿಲ್ವಾ, ಇದೂ ಹಾಗೇ. ನನಗೆ ಮತ್ತೆ ಪತ್ರ ಬರಿ, ಕಾಯುತ್ತಿರುತ್ತೇನೆ.

ಪ್ರಶ್ನೆ: ಹುಡುಗಿಯರಿಗೆ ಗೋಲ್‌ಕೀಪಿಂಗ್‌ನಲ್ಲಿ ಭವಿಷ್ಯ ಇದೆಯಾ?
– 15 ವರ್ಷದ ಹುಡುಗಿ

ಉತ್ತರ: ಇದೆ ಪುಟ್ಟಾ. ಗಂಡಸರಲ್ಲಿ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ’ಓರ್ ಪಡೆದ ಗೋಲ್‌ಕೀಪರ್ ಇವತ್ತಿಗೂ ಒಬ್ಬರೇ, ಸೋವಿಯತ್ ಒಕ್ಕೂಟದ ಲೆವ್ ಯಾಶಿನ್, 1963ರಲ್ಲಿ. ಹೆಂಗಸರಲ್ಲಿ ಜರ್ಮನಿಯ ನಾಡಿನ್ ಆಂಗರರ್ 2013ರ ವಿಶ್ವದ ಶ್ರೇಷ್ಠ ಆಟಗಾರ್ತಿ ಆದರು. ಆ ವರ್ಷದ ಯುರೋ ಫೈನಲ್‌ನಲ್ಲಿ ಎರಡು ಪೆನಾಲ್ಟಿ ತಡೆದಿದ್ದರು. ಅದಕ್ಕೂ ಮುಂಚೆ 2007ರ ವಿಶ್ವಕಪ್ ಪೂರ್ತಿ ಒಂದೇ ಒಂದು ಗೋಲ್ ಬಿಡಲಿಲ್ಲ, ಫೈನಲ್‌ನಲ್ಲಿ ಬ್ರೆಜಿಲ್‌ನ ಮಾರ್ತಾ ಹೊಡೆದ ಪೆನಾಲ್ಟಿಯೂ ಸೇರಿ.

2023ರಲ್ಲಿ ಇಂಗ್ಲೆಂಡಿನ ಮೇರಿ ಅರ್ಪ್ಸ್ ಜೆರ್ಸಿಯನ್ನು ಕಿಟ್ ಕಂಪನಿಯವರು ಅಭಿಮಾನಿಗಳಿಗೆ ಮಾರಾಟಕ್ಕೇ ಇಟ್ಟಿರಲಿಲ್ಲ. ಅವರು ಸುಮ್ಮನಿರಲಿಲ್ಲ, ಬಾಯಿಬಿಟ್ಟು ಕೇಳಿದರು. ಜನ ದೊಡ್ಡ ಸಂಖ್ಯೆಯಲ್ಲಿ ಸಹಿ ಹಾಕಿ ಜೊತೆಗೆ ನಿಂತರು. ವಿಶ್ವಕಪ್ ಫೈನಲ್‌ನಲ್ಲಿ ಪೆನಾಲ್ಟಿ ತಡೆದರು, ಟೂರ್ನಿಯ ಶ್ರೇಷ್ಠ ಗೋಲ್‌ಕೀಪರ್ ಆದರು. ಕೊನೆಗೆ ಜೆರ್ಸಿ ಮಾರಾಟಕ್ಕೆ ಬಂತು, ಬಂದಷ್ಟೂ ಬೇಗ ಖಾಲಿಯಾಯಿತು.

ಪ್ರಶ್ನೆ: ಪೆಟ್ಟಾಗುವ ಭಯ ಆಗಲ್ವಾ?

ಉತ್ತರ: ಆಗುತ್ತೆ. ನನ್ನ ಎಡಗೈ ಕಿರುಬೆರಳು ಈಗಲೂ ಪೂರ್ತಿ ಮಡಚುವುದಿಲ್ಲ, ಅಂಗಿ ಗುಂಡಿ ಹಾಕುವಾಗ ಅಡ್ಡ ಬರುತ್ತೆ. ಬೆರಳು, ಭುಜ, ಸೊಂಟ, ಇವು ಕೀಪರ್‌ಗಳಿಗೆ ಪೆಟ್ಟು ಬೀಳುವ ಜಾಗಗಳು. ಆದರೆ ತಲೆಗೆ ಬಿದ್ದ ಪೆಟ್ಟನ್ನು ಮಾತ್ರ ಯಾವತ್ತೂ ಹಗುರ ಮಾಡಬೇಡಿ. ಚೆಲ್ಸಿಯ ಪೀಟರ್ ಚೆಕ್‌ಗೆ 2006ರ ಅಕ್ಟೋಬರ್‌ನಲ್ಲಿ ಎದುರಾಳಿಯ ಮಂಡಿ ತಗುಲಿ ತಲೆಬುರುಡೆ ಬಿರುಕು ಬಿಟ್ಟಿತು. ಮೂರು ತಿಂಗಳ ಮೇಲೆ ತಲೆಗೆ ಮೆತ್ತನೆಯ ಕವಚ ಹಾಕಿಕೊಂಡು ವಾಪಸ್ ಬಂದರು, 2019ರಲ್ಲಿ ಆಟ ನಿಲ್ಲಿಸುವವರೆಗೂ ಅದನ್ನು ತೆಗೆಯಲಿಲ್ಲ. ತಲೆಗೆ ಪೆಟ್ಟಾಗಿ ಮಂಕು ಕವಿದರೆ ಆ ಕ್ಷಣವೇ ಹೊರಗೆ ಬನ್ನಿ, ಪಂದ್ಯ ಯಾವುದೇ ಇರಲಿ.

ಪ್ರಶ್ನೆ: ನನಗೆ 31. ಕ್ಲಬ್‌ನವರು ಒಂದೇ ವರ್ಷದ ಕಾಂಟ್ರ್ಯಾಕ್ಟ್ ಕೊಡುತ್ತೇವೆ ಅಂತಿದ್ದಾರೆ. ಇನ್ನು ನನ್ನ ಆಟ ಮುಗೀತು ಅಂತಾನಾ?
– ಗೋಲ್‌ಕೀಪರ್, ಇಬ್ಬರು ಮಕ್ಕಳ ತಂದೆ

ಉತ್ತರ: ಫಾರ್ವರ್ಡ್‌ಗಳ ವಯಸ್ಸಿನ ಲೆಕ್ಕವನ್ನು ನಿಮಗೆ ಹಾಕಿಕೊಳ್ಳಬೇಡಿ. ಕೀಪರ್ ಓಟ ಕಡಿಮೆ, ಜೊತೆಗೆ ಆಟವನ್ನು ಮುಂಚೆಯೇ ಅಂದಾಜಿಸುವ ಶಕ್ತಿ ವರ್ಷ ಕಳೆದ ಹಾಗೆ ಜಾಸ್ತಿಯಾಗುತ್ತೆ. ದೀನೊ ಜೋಫ್ 1982ರಲ್ಲಿ ಇಟಲಿಯ ಕ್ಯಾಪ್ಟನ್ ಆಗಿ ವಿಶ್ವಕಪ್ ಎತ್ತಿದಾಗ 40 ವರ್ಷ. ಈಜಿಪ್ಟ್‌ನ ಎಸ್ಸಾಮ್ ಎಲ್ ಹದಾರಿ 2018ರ ವಿಶ್ವಕಪ್‌ನಲ್ಲಿ ಸೌದಿ ಅರೇಬಿಯಾ ಎದುರು ಪೆನಾಲ್ಟಿ ತಡೆದಾಗ 45. ಮೇಲೆ ಹೇಳಿದ ಬುಫೋನ್ 2023ರಲ್ಲಿ, 45ನೇ ವಯಸ್ಸಿಗೆ, ತಾವು ಶುರು ಮಾಡಿದ ಪಾರ್ಮಾದಲ್ಲೇ ನಿಲ್ಲಿಸಿದರು.

ಇವರೆಲ್ಲ ತೀರಾ ಅಪರೂಪದವರು, ಅದೂ ನಿಜ. ಮೊದಲು ಹೋಗುವುದು ಕೆಳಗೆ ಬಿದ್ದ ಮೇಲೆ ಥಟ್ಟನೆ ಏಳುವ ಶಕ್ತಿ. ಎರಡನೇ ಶಾಟ್‌ಗೆ ತಡವಾಗುತ್ತಿದೆ ಅಂತ ನಿಮಗೇ ಅನ್ನಿಸಿದಾಗ ಎಚ್ಚರ ಆಗಿ. ಒಂದು ವರ್ಷದ ಕಾಂಟ್ರ್ಯಾಕ್ಟ್ ಕೊಟ್ಟರೆ ಒಪ್ಪಿಕೊಳ್ಳಿ, ಆದರೆ ಇಂತಿಷ್ಟು ಪಂದ್ಯ ಆಡಿದರೆ ಇನ್ನೊಂದು ವರ್ಷ ತಾನಾಗಿ ಮುಂದುವರಿಯಬೇಕು ಅಂತ ಬರೆಸಿಕೊಳ್ಳಲು ಕೇಳಿ. ಪೆಟ್ಟಾದರೆ ಸಂಬಳ ಏನಾಗುತ್ತೆ ಅನ್ನುವುದನ್ನೂ ಓದಿ ನೋಡಿ. ಮತ್ತೆ ಈ ವರ್ಷವೇ ಗೋಲ್‌ಕೀಪಿಂಗ್ ಕೋಚ್ ಲೈಸೆನ್ಸ್‌ನ ಮೊದಲ ಹಂತಕ್ಕೆ ಸೇರಿ. ನಾನು ಆಟ ನಿಲ್ಲಿಸಿದ ಮೇಲೆ ಸೇರಿದೆ, ನಡುವೆ ಎರಡು ವರ್ಷ ಮನೆಯಲ್ಲಿ ಕಷ್ಟ ಆಯಿತು.

ಪ್ರಶ್ನೆ: ಕೀಪರ್‌ಗಳು ಪಂದ್ಯ ಶುರುವಾಗುವ ಮುಂಚೆ ಗ್ಲೌಸ್‌ಗೆ ನೀರು ಹಾಕಿಕೊಳ್ಳುತ್ತಾರಲ್ಲ, ಯಾಕೆ?
– 6ನೇ ತರಗತಿ ಹುಡುಗ

ಉತ್ತರ: ಅಂಗೈ ಕಡೆ ಇರುವುದು ಲೇಟೆಕ್ಸ್ ಫೋಮ್ ಪುಟ್ಟಾ. ಅದು ಸ್ವಲ್ಪ ಒದ್ದೆ ಇದ್ದರೆ ಚೆಂಡಿಗೆ ಚೆನ್ನಾಗಿ ಅಂಟುತ್ತೆ, ಪೂರ್ತಿ ಒಣಗಿದ್ದರೆ ಜಾರುತ್ತೆ. ತೀರಾ ನೆನೆಸಬೇಡ, ನೀರು ಹಾಕಿ ಒಮ್ಮೆ ಹಿಂಡಿಬಿಡು. ಆಟ ಮುಗಿದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು ನೆರಳಲ್ಲಿ ಒಣಗಿಸು. ಬಿಸಿಲಿಗೆ ಹಾಕಿದರೆ ಫೋಮ್ ಗಟ್ಟಿಯಾಗಿ ಬಿರುಕು ಬಿಡುತ್ತೆ. ಎರಡೂ ಅಂಗೈಯನ್ನು ಒಂದಕ್ಕೊಂದು ಒತ್ತಿ ಇಡಬೇಡ, ಅಂಟಿಕೊಂಡರೆ ಬಿಡಿಸುವಾಗ ಕಿತ್ತು ಬರುತ್ತೆ.